ಕುದುರೆಗೆ ಹಿಮ್ಮಡಿ ವ್ಯಾಯಾಮ ಮಾಡಿಸಬಹುದೆ?

ಹುಮನಾಬಾದಿನ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಮದುವೆ ಮೆರವಣಿಗೆಗೆ ಕುದುರೆ ಕೊಡುವ ಮನೆತನ ಅವರದು. ಅವರ ಮಾತಿನಲ್ಲೇ ಕೊಡುತ್ತೇನೆ: “ಸರ್, ನನಗ ಹಿಮ್ಮಡಿ ಮ್ಯಾಲಿನ ನರ ನೋಯ್ತದಂತ ಹೋದ್ರ, ಡಾಕ್ಟರ್ ಮೆಟ್ಟಲ ಅಂಚಿಗಿ ನಿಂತು ಹಿಮ್ಮಡಿ ಕೆಳಗ ಇಳಸಾ ವ್ಯಾಯಾಮ ಹೇಳಿದ್ರು. ಮೂರು ತಿಂಗಳದಾಗ ಆರಾಮ ಆಯ್ತು. ಈಗ ನಮ್ಮ ಕುದುರಿ ಮುಂಗಾಲಿನ ಹಿಂದಿನ ನರ ಬಾತದ, ಕುಂಟಲತ್ತದ. ಅದಕ್ಕೂ ಇದೇ ಮಾಡಸಲಿಕ್ಕಿ ಬರ್ತದೇನು?”

ಇದನ್ನು ಓದಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ತನ್ನ ಕಾಲಿಗೆ ಸಿಕ್ಕ ಪರಿಹಾರ ತನ್ನ ಪ್ರಾಣಿಯ ಕಾಲಿಗೂ ಸಿಗಬಹುದೇ ಎಂದು ಯೋಚಿಸುವವರು ಎಷ್ಟು ಮಂದಿ ಇದ್ದಾರು? ಅದೂ ಅಲ್ಲದೆ, ಜಗತ್ತಿನ ಪಶುವೈದ್ಯರು ಮತ್ತು ಕ್ರೀಡಾವೈದ್ಯರು ಒಬ್ಬರಿಂದೊಬ್ಬರು ಕಲಿಯುತ್ತಿರುವ ಜಾಗಕ್ಕೇ ಈ ಪ್ರಶ್ನೆ ಬಂದು ನಿಂತಿದೆ. ಉತ್ತರ ಒಂದು ಸಾಲಿನಲ್ಲಿ ಮುಗಿಯುವಂಥದಲ್ಲ. ತತ್ವ ಪೂರ್ತಿ ಹೊಂದುತ್ತದೆ, ವ್ಯಾಯಾಮ ಮಾತ್ರ ಹೊಂದುವುದಿಲ್ಲ. ಹೊಂದದಿರುವುದಕ್ಕೆ ಇರುವ ಕಾರಣವಂತೂ ಬಲು ಸೊಗಸಾದದ್ದು.

ಮೊದಲು ಮನುಷ್ಯರ ಕಥೆ. ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಬಿಳಿಯ ಗಟ್ಟಿ ಪಟ್ಟಿಗೆ, ಓದುಗರು ‘ನರ’ ಎಂದದ್ದಕ್ಕೆ, ಸ್ನಾಯುರಜ್ಜು ಎನ್ನುತ್ತೇವೆ. ಹಿಮ್ಮಡಿಯ ಹಿಂದಿರುವುದು ಅಕಿಲೀಸ್ ರಜ್ಜು. ಅದು ನೋಯತೊಡಗಿದರೆ ‘ಕಾಲು ಊರಬೇಡಿ, ಮಲಗಿರಿ’ ಎಂಬುದೇ ಬಹುಕಾಲದ ಸಲಹೆಯಾಗಿತ್ತು. ಸ್ವೀಡನ್ನಿನ ಉಮೆಯೊ ಊರಿನ ಮೂಳೆ ವೈದ್ಯ ಹೋಕನ್ ಆಲ್ಫ್ರೆಡ್‌ಸನ್ ಅವರಿಗೆ ಸ್ವತಃ ಈ ನೋವಿತ್ತು. ಶಸ್ತ್ರಚಿಕಿತ್ಸೆ ಮಾಡಿ ಎಂದು ತಮ್ಮ ಮೇಲಧಿಕಾರಿಯನ್ನು ಕೇಳಿದರೆ ಆತ ಒಪ್ಪಲಿಲ್ಲ. ರಜ್ಜು ಹರಿದೇ ಹೋದರೆ ಮಾಡಲೇಬೇಕಲ್ಲ ಎಂದುಕೊಂಡು ಆಲ್ಫ್ರೆಡ್‌ಸನ್ ನೋಯುವ ಕಾಲಿನ ಮೇಲೆ ಬೇಕೆಂದೇ ಭಾರ ಹಾಕುತ್ತ ಹೋದರು. ರಜ್ಜು ಹರಿಯಲಿಲ್ಲ, ನೋವು ಹೋಯಿತು. 1998ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಇದ್ದವರು 15 ಮಂದಿ ಹವ್ಯಾಸಿ ಕ್ರೀಡಾಪಟುಗಳು. ಮೆಟ್ಟಿಲ ಅಂಚಿನಲ್ಲಿ ಮುಂಗಾಲೂರಿ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು, 15 ಸಲಕ್ಕೊಂದು ಸುತ್ತು, ಮೂರು ಸುತ್ತು, ದಿನಕ್ಕೆ ಎರಡು ಹೊತ್ತು, 12 ವಾರ. ಮಂಡಿ ನೆಟ್ಟಗಿಟ್ಟು ಒಮ್ಮೆ, ಬಗ್ಗಿಸಿ ಒಮ್ಮೆ ಮಾಡುವುದರಿಂದ ದಿನಕ್ಕೆ 180 ಸಲ. ಹದಿನೈದೂ ಮಂದಿ ಮತ್ತೆ ಓಡಿದರು.

ಇಳಿಸುವಾಗ ಮಾಂಸಖಂಡ ಉದ್ದವಾಗುತ್ತಲೇ ಬಿಗಿಹಿಡಿಯುತ್ತದೆ, ಗುಟ್ಟು ಅಲ್ಲಿದೆ ಎಂದು ಆಗ ಭಾವಿಸಿದ್ದರು. ಆಮೇಲೆ ಕೋಪನ್‌ಹೇಗನ್ನಿನ ತಂಡ ಭಾರವಾದ ತೂಕವನ್ನು ನಿಧಾನವಾಗಿ ಏರಿಸಿ ಇಳಿಸುವ ವ್ಯಾಯಾಮವನ್ನು ಇದರ ಎದುರಿಟ್ಟು ನೋಡಿತು. 2015ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಸರಿಸಮವಾಗಿ ಗುಣ ಕೊಟ್ಟಿದ್ದವು. ಅಂದರೆ ಏರಿಸುವುದೋ ಇಳಿಸುವುದೋ ಎನ್ನುವುದಕ್ಕಿಂತ ಭಾರ ಎಷ್ಟು, ಅದನ್ನು ಎಷ್ಟು ನಿಧಾನವಾಗಿ ಹೆಚ್ಚಿಸುತ್ತೇವೆ ಎನ್ನುವುದೇ ಮುಖ್ಯ. ಕುದುರೆಗೆ ಬಾಗಿಲು ತೆರೆಯುವುದು ಇದೇ ಮಾತು.

ಈಗ ಕುದುರೆಯ ಮುಂಗಾಲಿಗೆ ಬರೋಣ. ನಾವು ಅದರ ಮೊಣಕಾಲು ಎನ್ನುವುದು ನಿಜಕ್ಕೂ ಮಣಿಕಟ್ಟು. ಅದರ ಕೆಳಗಿರುವುದು ಒಂದೇ ಬೆರಳು, ನಮ್ಮ ನಡುಬೆರಳಿಗೆ ಸಮನಾದದ್ದು. ಗೊರಸು ಆ ಬೆರಳಿನ ಉಗುರು. ಕುದುರೆ ಬದುಕಿಡೀ ನಿಲ್ಲುವುದು, ಓಡುವುದು ಈ ಒಂದೊಂದು ಬೆರಳ ತುದಿಯ ಮೇಲೆ. ಮಣಿಕಟ್ಟಿನಿಂದ ಕೆಳಗೆ ದುಡಿಯುವ ಮಾಂಸಖಂಡವೇ ಇಲ್ಲ. ಎಲುಬು, ರಜ್ಜು, ಚರ್ಮ, ಅಷ್ಟೆ. ಹಿಂಬದಿಯಲ್ಲಿ ಎರಡು ರಜ್ಜುಗಳು ಒಂದರ ಮೇಲೊಂದು ಇಳಿದು ಬರುತ್ತವೆ. ಚರ್ಮದ ಕೆಳಗೇ ಇರುವುದು ಮೇಲ್ಪದರದ ರಜ್ಜು, ಅದರ ಒಳಗೆ ಆಳದ ರಜ್ಜು. ಓಡುವ ಕುದುರೆಗಳಲ್ಲಿ ಹೆಚ್ಚಾಗಿ ಗಾಯಗೊಳ್ಳುವುದು ಮೇಲ್ಪದರದ್ದು. ಹುಮನಾಬಾದಿನ ಕುದುರೆಗೆ ಆಗಿರುವುದೂ ಬಹುಶಃ ಅದೇ.

ಬಸವಕಲ್ಯಾಣದ ಆಟೋನಗರದಲ್ಲಿ ಲಾರಿಗಳ ಕೆಳಗೆ ಕಮಾನ್‌ಪಟ್ಟಿ ಕೂರಿಸುವುದನ್ನು ನೋಡಿದವರಿಗೆ ಈ ರಜ್ಜುವಿನ ಕೆಲಸ ಬೇಗ ತಿಳಿಯುತ್ತದೆ. ಗುಂಡಿ ಸಿಕ್ಕಾಗ ಪಟ್ಟಿ ಬಾಗಿ ಭಾರ ನುಂಗುತ್ತದೆ, ಮರುಕ್ಷಣ ಅದನ್ನೇ ಮೇಲಕ್ಕೆ ತಳ್ಳುತ್ತದೆ. ಕುದುರೆಯ ಮೇಲ್ಪದರದ ರಜ್ಜು ಹೀಗೆ ನುಂಗಿದ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಹಿಂದಕ್ಕೆ ಕೊಡುತ್ತದೆ. ನಾಗಾಲೋಟದಲ್ಲಿ ಒಂದೇ ಮುಂಗಾಲಿನ ಮೇಲೆ ದೇಹತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ. ಆಗ ಈ ರಜ್ಜು ತನ್ನ ಉದ್ದದ ಶೇಕಡಾ 16ರವರೆಗೂ ಹಿಗ್ಗುವುದನ್ನು ಅಳೆದಿದ್ದಾರೆ. ಪ್ರಯೋಗಾಲಯದಲ್ಲಿ ಎಳೆದು ನೋಡಿದರೆ ಶೇಕಡಾ 20ರ ಆಸುಪಾಸಿನಲ್ಲಿ ಅದು ಹರಿಯುತ್ತದೆ. ಬದುಕಿಗೂ ಗಾಯಕ್ಕೂ ನಡುವೆ ಇಷ್ಟು ಕಿರಿದಾದ ಅಂತರ ಇಟ್ಟುಕೊಂಡು ದುಡಿಯುವ ಅಂಗ ದೇಹದಲ್ಲಿ ಮತ್ತೊಂದಿಲ್ಲ ಎಂದೇ ನನಗನಿಸುತ್ತದೆ.

ಹಿಂದಕ್ಕೆ ಕೊಡದೆ ಉಳಿದ ಆ ಸ್ವಲ್ಪ ಶಕ್ತಿ ಏನಾಗುತ್ತದೆ? ಬಿಸಿಯಾಗುತ್ತದೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಅಲನ್ ವಿಲ್ಸನ್ ಮತ್ತು ಅಲೆನ್ ಗುಡ್‌ಶಿಪ್ 1994ರಲ್ಲಿ ಓಡುತ್ತಿರುವ ಕುದುರೆಯ ರಜ್ಜುವಿನ ಒಳಗಿನ ಶಾಖವನ್ನೇ ಅಳೆದರು. ನಡುಭಾಗದಲ್ಲಿ 45 ಡಿಗ್ರಿ ಸೆಲ್ಸಿಯಸ್! ಅಲ್ಲಿ ರಕ್ತದ ಓಡಾಟ ಕಡಿಮೆ, ಬಿಸಿಯನ್ನು ಹೊತ್ತೊಯ್ಯುವವರಿಲ್ಲ. ಗಾಯ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ರಜ್ಜುವಿನ ನಡುಭಾಗದಲ್ಲೇ.

ಇನ್ನು ಈ ರಜ್ಜುವಿಗೆ ಮೇಲ್ಗಡೆ ಜೋಡಿಕೊಂಡ ಮಾಂಸಖಂಡ. ನಮ್ಮ ಮೀನಖಂಡ ದಪ್ಪ, ಉದ್ದ. ಕುದುರೆಯಲ್ಲಿ ಇದೇ ಕೆಲಸದ ಮಾಂಸಖಂಡದ ಎಳೆಗಳು ಒಂದು ಸೆಂಟಿಮೀಟರಿಗೂ ಗಿಡ್ಡ. ಇಷ್ಟು ಗಿಡ್ಡ ಎಳೆಗಳಿಂದ ಏನು ಉಪಯೋಗ ಎಂದು ವಿಜ್ಞಾನಿಗಳು ಬಹಳ ದಿನ ತಲೆ ಕೆಡಿಸಿಕೊಂಡಿದ್ದರು. 2001ರಲ್ಲಿ ವಿಲ್ಸನ್ ತಂಡ ತೋರಿಸಿದ ಉತ್ತರ ಇದು: ಗೊರಸು ನೆಲಕ್ಕೆ ಬಡಿದಾಗ ಕಾಲಿನಲ್ಲಿ ಸೆಕೆಂಡಿಗೆ 30–40 ಸಲದ ನಡುಕ ಏಳುತ್ತದೆ, ಅದನ್ನು ಹೀರಿ ಅಡಗಿಸುವುದೇ ಆ ಎಳೆಗಳ ಕೆಲಸ. ಎಳೆಯುವುದು, ಎತ್ತುವುದು ಅವುಗಳಿಂದ ಆಗುವಂಥದಲ್ಲ. ಮಾಂಸಖಂಡವನ್ನು ಬಲಪಡಿಸಿ ಅದರ ಮೂಲಕ ರಜ್ಜುವನ್ನು ಸರಿಪಡಿಸುವ ಮನುಷ್ಯರ ದಾರಿ ಇಲ್ಲಿಗೆ ಮುಚ್ಚಿತು.

ಹಾಗಾದರೆ ಮಾಂಸಖಂಡದ ಗೊಡವೆ ಬಿಟ್ಟು ಕುದುರೆಯನ್ನು ಮೆಟ್ಟಿಲ ಅಂಚಿಗೋ ಇಳಿಜಾರಿಗೋ ನಿಲ್ಲಿಸಿ, ಗೊರಸಿನ ಮುಂತುದಿ ಮೇಲೆ, ಹಿಂಭಾಗ ಕೆಳಗೆ ಇರುವಂತೆ ಮಾಡಿದರೆ? ಹಿಮ್ಮಡಿ ಇಳಿಸಿದಂತೆಯೇ ಆಯಿತಲ್ಲ? ಓದುಗರು ಕೇಳಿರುವುದೂ ಇದನ್ನೇ. ಹಾಗೆ ಮಾಡಿದರೆ ಭಾರ ಹೋಗಿ ಬೀಳುವುದು ಬೇರೆ ರಜ್ಜುವಿನ ಮೇಲೆ.

ಕಾರಣ ಇಷ್ಟು. ಆಳದ ರಜ್ಜು ಗೊರಸಿನೊಳಗಿನ ಕಟ್ಟಕಡೆಯ ಎಲುಬಿನವರೆಗೂ ಹೋಗಿ ಅಂಟಿಕೊಳ್ಳುತ್ತದೆ. ಮೇಲ್ಪದರದ್ದು ಅಲ್ಲಿಗೆ ಹೋಗುವುದೇ ಇಲ್ಲ, ಗೊರಸಿಗಿಂತ ಮೇಲಿನ ಬೆರಳೆಲುಬುಗಳಲ್ಲೇ ನಿಂತುಬಿಡುತ್ತದೆ. ಗೊರಸಿನ ಮುಂತುದಿ ಎತ್ತಿದರೆ ಕೊನೆಯ ಎಲುಬು ಹಿಂದಕ್ಕೆ ತಿರುಗಿ ಆಳದ ರಜ್ಜುವನ್ನು ಬಿಗಿಯುತ್ತದೆ. ಅದು ಬಿಗಿದುಕೊಂಡು, ಮಣಿಕಟ್ಟಿಗೂ ಗೊರಸಿಗೂ ನಡುವಿನ ದೊಡ್ಡ ಕೀಲಾದ ಗಿಣ್ಣನ್ನು ಎತ್ತಿಹಿಡಿಯುವುದರಿಂದ ಮೇಲ್ಪದರದ ರಜ್ಜುವಿನ ಹೊರೆ ತುಸು ಇಳಿಯುತ್ತದೆ. ನಾವು ಚಿಕಿತ್ಸೆ ಕೊಡಲು ಹೊರಟದ್ದಕ್ಕೆ ಏನೂ ಸಿಗಲಿಲ್ಲ, ಆರೋಗ್ಯವಾಗಿದ್ದ ಪಕ್ಕದ ರಜ್ಜುವಿಗೆ ಹೊರೆ ಬಿತ್ತು.

ಇದನ್ನು ತಿರುವಿ ನೋಡಿದರೆ ಇನ್ನೂ ದೊಡ್ಡ ತಪ್ಪೊಂದು ಬೆಳಕಿಗೆ ಬರುತ್ತದೆ. ನಮಗೆ ಹಿಮ್ಮಡಿ ನೋವಾದಾಗ ಚಪ್ಪಲಿಯೊಳಗೆ ಹಿಮ್ಮಡಿಯ ಕೆಳಗೆ ಒಂದು ಪದರ ಇಟ್ಟುಕೊಂಡರೆ ಹಾಯೆನಿಸುತ್ತದೆ. ಇದನ್ನೇ ನೆನೆದು ಕುಂಟುವ ಕುದುರೆಗೂ ಲಾಳದ ಹಿಂಭಾಗದಲ್ಲಿ ದಪ್ಪ ಪಟ್ಟಿ ಇಟ್ಟು ಹಿಮ್ಮಡಿ ಎತ್ತರಿಸುತ್ತಾರೆ. ಆಳದ ರಜ್ಜುವಿಗೆ ಪೆಟ್ಟಾಗಿದ್ದರೆ ಸರಿಯೇ. ಆದರೆ ಮೇಲ್ಪದರದ್ದು ಗಾಯಗೊಂಡಿದ್ದಾಗ ಹೀಗೆ ಮಾಡಿದರೆ ಆಳದ ರಜ್ಜು ಸಡಿಲಾಗಿ, ಗಿಣ್ಣು ಇನ್ನಷ್ಟು ಕೆಳಕ್ಕೆ ಕುಸಿದು, ಗಾಯವಾದ ರಜ್ಜುವೇ ಹೆಚ್ಚು ಹೊರಬೇಕಾಗುತ್ತದೆ. ಒಳ್ಳೆಯದಾಗಲಿ ಎಂದು ಮಾಡಿದ್ದು ಕೇಡಾಗುವುದು ಹೀಗೆ. ಲಾಳ ಹೊಡೆಯುವವರಿಗೆ ಇದನ್ನು ದಯವಿಟ್ಟು ಓದಿ ಹೇಳಿ.

ಹಾಗಾದರೆ ಮೇಲ್ಪದರದ ರಜ್ಜುವಿಗೆ ಭಾರ ಕೊಡುವುದು ಯಾವುದು? ಗಿಣ್ಣು ಕೆಳಕ್ಕೆ ಇಳಿಯುವುದು. ಗಿಣ್ಣು ಇಳಿಯಬೇಕಾದರೆ ಆ ಕಾಲಿನ ಮೇಲೆ ಮೈತೂಕ ಬರಬೇಕು, ಅಷ್ಟೇ. ಸಾವಧಾನದ ನಡಿಗೆಯಲ್ಲಿ ಪ್ರತಿ ಹೆಜ್ಜೆಗೂ ಈ ರಜ್ಜು ಸುಮಾರು ಶೇಕಡಾ 3ರಷ್ಟು ಹಿಗ್ಗಿ ಮರಳುತ್ತದೆ. ದುಡಕಿ ಓಟದಲ್ಲಿ ಅದರ ಎರಡು ಪಟ್ಟು, ನಾಗಾಲೋಟದಲ್ಲಿ ಐದು ಪಟ್ಟು. ನಮ್ಮ ವ್ಯಾಯಾಮದಲ್ಲಿ ಹೆಗಲಚೀಲಕ್ಕೆ ತೂಕ ಸೇರಿಸುತ್ತ ಹೋಗುತ್ತೇವೆ. ಕುದುರೆಯಲ್ಲಿ ತೂಕದ ಕೆಲಸವನ್ನು ನಡೆಯ ವೇಗ ಮಾಡುತ್ತದೆ. ಹಗ್ಗ ಹಿಡಿದು ಸಮತಟ್ಟು ನೆಲದ ಮೇಲೆ ಹತ್ತು ನಿಮಿಷ ನಡೆಸುವುದೇ ಕುದುರೆಯ ಹಿಮ್ಮಡಿ ವ್ಯಾಯಾಮ.

ಕುದುರೆಗೆ ಪೂರ್ಣ ವಿಶ್ರಾಂತಿ ಎಂಬುದೇ ಇಲ್ಲ ಎನ್ನುವುದನ್ನೂ ಇಲ್ಲಿ ಗಮನಿಸಬೇಕು. ನಾವು ನೋಯುವ ಕಾಲನ್ನು ದಿಂಬಿನ ಮೇಲಿಡಬಹುದು. ಕುದುರೆ ದಿನದ ಬಹುಪಾಲು ನಿಂತೇ ಇರುತ್ತದೆ, ಮೈತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಮುಂಗಾಲುಗಳ ಮೇಲೆಯೇ. ಲಾಯದಲ್ಲಿ ಕಟ್ಟಿಹಾಕಿದರೂ ರಜ್ಜುವಿನ ಕೆಲಸ ನಿಲ್ಲುವುದಿಲ್ಲ, ಕೆಲಸದ ಅಳತೆ ಮಾತ್ರ ಬದಲಾಗುತ್ತದೆ.

ಹಲವು ದೇಶಗಳ ಪಶುವೈದ್ಯರು ಅನುಸರಿಸುವ ಕ್ರಮ ಸ್ಥೂಲವಾಗಿ ಹೀಗಿದೆ. ಗಾಯವಾದ ಮೊದಲ ದಿನಗಳಲ್ಲಿ ತಣ್ಣೀರು, ಐಸು, ಹದವಾದ ಪಟ್ಟಿ, ವೈದ್ಯರು ಕೊಟ್ಟ ಊತದ ಔಷಧಿ. ಎರಡು ವಾರ ಲಾಯದಲ್ಲೇ. ಮೂರನೆಯ ವಾರದಿಂದ ದಿನಕ್ಕೆ 10 ನಿಮಿಷ ಕೈಹಗ್ಗದ ನಡಿಗೆ. ವಾರಕ್ಕೆ 5 ನಿಮಿಷ ಏರಿಸುತ್ತ ಹತ್ತನೆಯ ವಾರದ ಹೊತ್ತಿಗೆ 45 ನಿಮಿಷ. ಹನ್ನೆರಡನೆಯ ವಾರ ಅಲ್ಟ್ರಾಸೌಂಡ್ ಸ್ಕ್ಯಾನ್. ಅದು ಚೆನ್ನಾಗಿದ್ದರೆ ಮಾತ್ರ ನಡಿಗೆಯ ಜೊತೆಗೆ 5 ನಿಮಿಷ ದುಡಕಿ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಪೂರ್ಣ ಕೆಲಸಕ್ಕೆ ಮರಳಲು 9ರಿಂದ 12 ತಿಂಗಳು. ಕೆಸರಾದ ಎರೆಮಣ್ಣು ಬೇಡ, ಸಣ್ಣ ಸುತ್ತಿನಲ್ಲಿ ತಿರುಗಿಸುವುದು ಬೇಡ. ಒಂದೊಂದು ಕುದುರೆಗೂ ಲೆಕ್ಕ ಬೇರೆ, ಅದನ್ನು ಹಾಕಿಕೊಡಬೇಕಾದವರು ಕಾಲು ಮುಟ್ಟಿ ನೋಡಿದ ವೈದ್ಯರು.

ಇಷ್ಟು ತಿಂಗಳು ಏಕೆ? ರಜ್ಜುವಿನ ನೂಲು ಕೊಲಾಜೆನ್ ಎಂಬ ಪ್ರೋಟೀನು. ಇದರ ಬಗ್ಗೆ ಒಂದು ಅದ್ಭುತ ಸಂಗತಿ ಇದೆ. 1955ರಿಂದ 1963ರವರೆಗೆ ಬಯಲಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಏಕಾಏಕಿ ಏರಿತು. ಅದು ಗಿಡಗಳಿಗೆ, ಅಲ್ಲಿಂದ ಊಟಕ್ಕೆ, ಅಲ್ಲಿಂದ ಅಂದು ಬೆಳೆಯುತ್ತಿದ್ದ ಮಕ್ಕಳ ಮೈಗೆ ಸೇರಿತು. ಡೆನ್ಮಾರ್ಕಿನ ಸಂಶೋಧಕರು ಆ ಪೀಳಿಗೆಯವರ ಅಕಿಲೀಸ್ ರಜ್ಜುಗಳಲ್ಲಿ ಈ ಗುರುತನ್ನು ಹುಡುಕಿ 2013ರಲ್ಲಿ ಪ್ರಕಟಿಸಿದರು. ರಜ್ಜುವಿನ ನಡುಭಾಗ ಹದಿನೇಳರ ಆಸುಪಾಸಿನ ವಯಸ್ಸಿನವರೆಗೆ ಕಟ್ಟಿಕೊಳ್ಳುತ್ತದೆ, ಆಮೇಲೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಅಜ್ಜನ ಹಿಮ್ಮಡಿಯಲ್ಲಿರುವುದು ಅವರ ಹುಡುಗುತನದ ರಜ್ಜು! ಕುದುರೆಯ ಮೇಲ್ಪದರದ ರಜ್ಜುವಿನಲ್ಲಿ ಕೊಲಾಜೆನ್‌ನ ಅರ್ಧ ಭಾಗ ಬದಲಾಗಲು ಸುಮಾರು 198 ವರ್ಷ ಬೇಕೆಂದು 2010ರ ಬ್ರಿಟಿಷ್ ಅಧ್ಯಯನವೊಂದು ಅಂದಾಜಿಸಿತು. ಕುದುರೆಯ ಆಯುಸ್ಸೇ 25–30 ವರ್ಷ. ಸವೆತ ಸೇರುತ್ತ ಹೋಗುತ್ತದೆ, ಹಳತು ಹೋಗಿ ಹೊಸತು ಬರುವುದಿಲ್ಲ.

ಗಾಯವಾದಾಗ ಮಾತ್ರ ದೇಹ ಹೊಸ ಎಳೆ ಹೆಣೆಯುತ್ತದೆ, ಆದರೆ ಅವಸರದಲ್ಲಿ. ಮೊದಲು ಬರುವ ಎಳೆಗಳು ಸಣ್ಣವು, ದಿಕ್ಕು ದೆಸೆ ಇಲ್ಲದವು. ಅವು ದಪ್ಪಗಾಗಿ, ಎಳೆತದ ದಿಕ್ಕಿಗೇ ಸಾಲುಗಟ್ಟಬೇಕಾದರೆ ಅಳತೆಯ ಭಾರ ದಿನವೂ ಸಿಗಬೇಕು. ಭಾರವೇ ಸಿಗದಿದ್ದರೆ ಎಳೆಗಳು ಅಡ್ಡಾದಿಡ್ಡಿ ಉಳಿಯುತ್ತವೆ, ಅಳತೆ ಮೀರಿದರೆ ಹೊಸ ಹೆಣಿಗೆಯೇ ಹರಿಯುತ್ತದೆ. ಮನುಷ್ಯರಿಗೂ ಕುದುರೆಗೂ ಇಲ್ಲಿ ವ್ಯತ್ಯಾಸವಿಲ್ಲ.

ವ್ಯತ್ಯಾಸ ಇರುವುದು ನೋವಿನಲ್ಲಿ. ಇದನ್ನು ಒತ್ತಿ ಹೇಳಬೇಕು. ಮನುಷ್ಯರ ವ್ಯಾಯಾಮದಲ್ಲಿ ದಾರಿ ತೋರಿಸುವುದೇ ನೋವು. ಇಂದು ಹೆಚ್ಚಾಯಿತು, ನಾಳೆ ತೂಕ ಇಳಿಸೋಣ ಎಂದು ಬಾಯಿಬಿಟ್ಟು ಹೇಳುತ್ತೇವೆ. ಕುದುರೆಯಲ್ಲಿ ಊತ ಇಳಿದು ಕುಂಟು ನಿಲ್ಲಲು ಹಲವು ಸಲ ಕೆಲವೇ ವಾರ ಸಾಕು. ಆ ಹೊತ್ತಿಗೆ ಒಳಗಿನ ಹೆಣಿಗೆ ಇನ್ನೂ ಹಸಿ. ನೋವಿಲ್ಲ ಎಂದು ಕುದುರೆ ಜಿಗಿಯುತ್ತದೆ, ಕುಂಟಿಲ್ಲ ಎಂದು ಯಜಮಾನ ಸಜ್ಜು ಹಾಕುತ್ತಾನೆ. ಅದೇ ಜಾಗದಲ್ಲಿ ಮತ್ತೆ ಹರಿಯುವುದು ಆಗಲೇ. ಹಾಗಾಗಿ ಕುದುರೆಯಲ್ಲಿ ಕುಂಟನ್ನು ನಂಬುವಂತಿಲ್ಲ, ಕ್ಯಾಲೆಂಡರನ್ನೂ ಸ್ಕ್ಯಾನನ್ನೂ ನಂಬಬೇಕು.

ಬಸವಕಲ್ಯಾಣದ ಒಂದು ಮದುವೆಯಲ್ಲಿ ಮೆರವಣಿಗೆ ತಡವಾದಾಗ ಬದಿಗೆ ನಿಂತ ಕುದುರೆಯ ಕಾಲನ್ನು ಅದರ ಹುಡುಗ ನನಗೆ ಮುಟ್ಟಿ ನೋಡಲು ಬಿಟ್ಟಿದ್ದ. ಕಾಲೆತ್ತಿ ಗಿಣ್ಣು ಮಡಚಿದರೆ ರಜ್ಜುಗಳು ಸಡಿಲಾಗುತ್ತವೆ. ಆಗ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮಣಿಕಟ್ಟಿನಿಂದ ಗಿಣ್ಣಿನವರೆಗೆ ಇಂಚಿಂಚೇ ಇಳಿಯಬೇಕು. ಆರೋಗ್ಯವಾದ ರಜ್ಜುವಿನ ಅಂಚು ಖಡಕ್ಕಾಗಿ, ತಂಪಾಗಿ ಸಿಗುತ್ತದೆ. ಆ ಕುದುರೆಯ ಎಡಗಾಲಿನಲ್ಲಿ ನಡುವೆ ಒಂದು ಕಡೆ ಅಂಚು ಮಾಯವಾಗಿ ಮೆತ್ತಗೆ, ಬೆಚ್ಚಗೆ ಇತ್ತು. ಒತ್ತಿದರೆ ಕಾಲು ಕಸಿದುಕೊಂಡಿತು. ಹೊರಗಿನಿಂದ ಅದು ಕುಂಟುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಬ್ಯಾಂಡು ಶುರುವಾಯಿತು, ವರನನ್ನು ಹೊತ್ತು ಅದು ಸಿಮೆಂಟ್ ರಸ್ತೆಯ ಮೇಲೆ ಕುಣಿಯಿತು. ಮುಂಗಾಲು ಎತ್ತಿ ನೆಲಕ್ಕೆ ಬಡಿಯುವ ಆ ಕುಣಿತ, ಬೆನ್ನ ಮೇಲೆ ಒಬ್ಬ ಆಳು, ಕೆಳಗೆ ಗಟ್ಟಿ ನೆಲ: ಗಾಯಗೊಂಡ ರಜ್ಜುವಿಗೆ ಇದಕ್ಕಿಂತ ಕೆಟ್ಟ ಕೆಲಸವನ್ನು ಹುಡುಕುವುದು ಕಷ್ಟ.

ಆ ಕಾಲಿಗೆ ಒಂದು ಕರಿದಾರವನ್ನೂ ಬಿಗಿದಿದ್ದರು, ದೃಷ್ಟಿಯಾಗಿದೆ ಎಂದು. ದೃಷ್ಟಿ ಯಾವ ರಜ್ಜುವನ್ನೂ ಹರಿಯುವುದಿಲ್ಲ, ಆದರೆ ಊದುತ್ತಿರುವ ಕಾಲಿಗೆ ಬಿಗಿದ ದಾರ ಒಳಕ್ಕೆ ಒತ್ತಿ ನಿಜವಾಗಿಯೂ ಕೇಡು ಮಾಡುತ್ತದೆ. ಅದಕ್ಕಿಂತ ಕ್ರೂರವಾದದ್ದು ಬರೆ. ಕಾದ ಕಬ್ಬಿಣದಿಂದ ಕಾಲಿಗೆ ಗೆರೆ ಎಳೆದರೆ ನರ ಗಟ್ಟಿಯಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ದನಕರುಗಳ ವಿಷಯದಲ್ಲೂ ಇದೆ. ಇದು ನಮ್ಮೊಬ್ಬರ ಮೌಢ್ಯವೇನಲ್ಲ, ಇಂಗ್ಲೆಂಡಿನ ರೇಸ್ ಕುದುರೆಗಳಿಗೂ ಶತಮಾನಗಳ ಕಾಲ ಹೀಗೆ ಸುಟ್ಟರು. ಬ್ರಿಸ್ಟಲ್ಲಿನ ಸಂಶೋಧಕರು ಪರೀಕ್ಷಿಸಿ 1983ರಲ್ಲಿ ಸ್ಪಷ್ಟವಾಗಿ ಹೇಳಿದರು: ಸುಟ್ಟದ್ದರಿಂದ ರಜ್ಜು ಬೇಗ ಮಾಯುವುದೂ ಇಲ್ಲ, ಗಟ್ಟಿಯಾಗುವುದೂ ಇಲ್ಲ. ಬರೆ ಹಾಕಿದ ಕುದುರೆ ಸುಧಾರಿಸಿದ್ದು ಸುಟ್ಟ ಗಾಯದಿಂದಾಗಿ ತಿಂಗಳುಗಟ್ಟಲೆ ಕೆಲಸ ತಪ್ಪಿದ್ದಕ್ಕೆ. ವಿಶ್ರಾಂತಿಯ ಪುಣ್ಯವೆಲ್ಲ ಕಬ್ಬಿಣದ ಖಾತೆಗೆ ಜಮೆಯಾಯಿತು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಪ್ರಾಣಿಗೆ ಅನಗತ್ಯ ನೋವು ಕೊಡುವುದು ಅಪರಾಧ ಎಂಬುದನ್ನೂ ನೆನಪಿಡಿ.

ಇದೇ ಬಸವಕಲ್ಯಾಣದ ಚಾಲುಕ್ಯ ಮನೆತನದ ಕೀರ್ತಿವರ್ಮ, ಆರನೆಯ ವಿಕ್ರಮಾದಿತ್ಯನ ಸಹೋದರ, ಕನ್ನಡದಲ್ಲಿ ‘ಗೋವೈದ್ಯ’ ಬರೆದವನು. ಅದರಲ್ಲಿ ಔಷಧವೂ ಇದೆ, ಮಂತ್ರವೂ ಇದೆ. ಇಲ್ಲಿಂದಲೇ ಆಳಿದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಕುದುರೆಯೇರಿ ಚೆಂಡು ಹೊಡೆಯುವ ಆಟದ ವಿವರಗಳಿವೆ. ದನವನ್ನೂ ಕುದುರೆಯನ್ನೂ ಇಷ್ಟು ಹಿಂದೆಯೇ ಗಮನವಿಟ್ಟು ನೋಡಿದ ನೆಲ ಇದು. ಒಂಬತ್ತು ನೂರು ವರ್ಷಗಳಾದ ಮೇಲೆ ಔಷಧದ ಭಾಗವನ್ನು ಬೆಳೆಸಿ ಮಂತ್ರದ ಭಾಗವನ್ನು ಬಿಡಲು ನಮಗೇನು ಅಡ್ಡಿ?

ವ್ಯಾಯಾಮದಿಂದ ಎಲ್ಲವೂ ಸರಿಹೋಗುತ್ತದೆ ಎಂಬ ಭ್ರಮೆಯೂ ಬೇಡ. ಬೆಳೆದ ಕುದುರೆಯ ರಜ್ಜು ತಾಲೀಮಿನಿಂದ ಮಾಂಸಖಂಡದ ಹಾಗೆ ದಪ್ಪಗಾಗುವುದಿಲ್ಲ. ಹೊಂದಿಕೊಳ್ಳುವ ಗುಣ ಮೊದಲ ಎರಡು ವರ್ಷಗಳಲ್ಲಿ ಹೆಚ್ಚು. ಮರಿಗಳನ್ನು ಕಟ್ಟಿಹಾಕದೆ ಬಯಲಿಗೆ ಬಿಟ್ಟು ಓಡಾಡಿಸುವುದು ಅದಕ್ಕಾಗಿಯೇ ಒಳ್ಳೆಯದು. ಮಾಯ್ದ ರಜ್ಜು ಹಳೆಯ ರಜ್ಜುವಿನಷ್ಟು ಸ್ಥಿತಿಸ್ಥಾಪಕ ಆಗುವುದೂ ಇಲ್ಲ. ನಾವು ಗಳಿಸುವುದು ಮತ್ತೆ ಹರಿಯುವ ಅಪಾಯ ಕಡಿಮೆಯಿರುವ ಒಂದು ಕಾಲನ್ನು.

ಹುಮನಾಬಾದಿನ ಓದುಗರೇ, ನಿಮ್ಮ ಕುದುರೆಯನ್ನು ಮೆಟ್ಟಿಲ ಮೇಲೆ ನಿಲ್ಲಿಸಬೇಡಿ. ಕರಿದಾರ ಕಟ್ಟಿದ್ದರೆ ಬಿಚ್ಚಿ, ಲಾಳಕ್ಕೆ ಹಿಂಪಟ್ಟಿ ಇದ್ದರೆ ತೆಗೆಸಬೇಕೇ ಎಂದು ವೈದ್ಯರನ್ನು ಕೇಳಿ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ಘಟಕದವರು ಸಿಗುತ್ತಾರೆ. ಬೀದರಿನ ನಂದಿನಗರದ ಪಶುವೈದ್ಯ ಕಾಲೇಜು ನಿಮಗೆ ದೂರವೇನಲ್ಲ, ಸ್ಕ್ಯಾನ್ ಮಾಡಿಸುವ ಬಗ್ಗೆ ಅಲ್ಲಿ ವಿಚಾರಿಸಿ. ಈ ಸಲದ ಲಗ್ನಸರಾಯಿಗೆ ಆ ಕುದುರೆಯನ್ನು ಬಾಡಿಗೆಗೆ ಒಪ್ಪಿಕೊಳ್ಳಬೇಡಿ, ಜನವರಿಯಲ್ಲಿ ನಿಮ್ಮೂರಿನ ವೀರಭದ್ರೇಶ್ವರ ಜಾತ್ರೆಯ ಗದ್ದಲಕ್ಕೂ ಒಯ್ಯಬೇಡಿ. ಬೆಳಿಗ್ಗೆ ತಂಪು ಹೊತ್ತಿನಲ್ಲಿ, ವೈದ್ಯರು ಹೇಳಿದಷ್ಟೇ ನಿಮಿಷ, ಕೈಯಲ್ಲಿ ಹಗ್ಗ ಹಿಡಿದು ಅದರ ಜೊತೆ ನಡೆಯಿರಿ. ನಿಮ್ಮ ಹಿಮ್ಮಡಿಗೂ ಅದು ಒಳ್ಳೆಯದೇ.